ಗಂಟಲು ನೋವಿಗೆ ಮನೆಯಲ್ಲೇ ಗಾರ್ಗಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಟೀಚರ್. ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಹಿಡಿಯಿತೆಂದರೆ, ಎರಡನೇ ವಾರಕ್ಕೆಲ್ಲ ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧ ಜನರ ಗಂಟಲು ಕೂತಿರುತ್ತದೆ. ಬೆಲ್ ಹೊಡೆಯುವ ಮುಂಚೆ ನಲ್ಲಿ ಹತ್ತಿರ ನಾವೆಲ್ಲ ತಲೆ ಮೇಲೆತ್ತಿ ಗಳಗಳ ಅನ್ನಿಸುವುದನ್ನು ನೋಡಿ ಮಕ್ಕಳಿಗೆ ನಗು. ಜೊತೆಯ ಟೀಚರ್‌ಗಳು, ಮಕ್ಕಳ ತಾಯಂದಿರು, ಕೊನೆಗೆ ನಮ್ಮತ್ತೆ ಕೂಡ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಗಾರ್ಗಲ್ ಮಾಡಿದರೆ ಗಂಟಲು ನೋವು ನಿಜವಾಗಿಯೂ ಹೋಗುತ್ತಾ?

ನೋವು ಕಡಿಮೆಯಾಗುತ್ತದೆ. ಕಾಯಿಲೆ ಹೋಗುವುದಿಲ್ಲ. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಸಿಗುತ್ತದೆ.

ಗಂಟಲು ನೋವು ಬಹುಪಾಲು ಬರುವುದು ವೈರಸ್‌ನಿಂದ. ನೆಗಡಿ ತರುವ ವೈರಸ್‌ಗಳೇ ಇದನ್ನೂ ತರುತ್ತವೆ. ಹೆಚ್ಚಿನವರಿಗೆ ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ವೈರಸ್ ಇರುವುದು ಗಂಟಲಿನ ಜೀವಕೋಶಗಳ ಒಳಗೆ. ಮೇಲ್ಮೇಲೆ ಓಡಾಡುವ ಉಪ್ಪುನೀರು ಅಲ್ಲಿಗೆ ಮುಟ್ಟುವುದಿಲ್ಲ.

ಉಪ್ಪುನೀರಿನ ಕೆಲಸವೇ ಬೇರೆ. ಉಪ್ಪಿನಕಾಯಿಗೆ ಅಂತ ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮಾರನೇ ದಿನ ಜಾಡಿಯಲ್ಲಿ ನೀರು ಬಿಟ್ಟಿರುತ್ತದಲ್ವಾ, ಇದೂ ಹಾಗೇ. ನಮ್ಮ ಮೈಯ ದ್ರವಕ್ಕೆ ಸರಿಸಮ ಅಂದರೆ ಶೇಕಡಾ 0.9ರ ಉಪ್ಪುನೀರು, ಡ್ರಿಪ್‌ನಲ್ಲಿ ಹಾಕುವ ಸಲೈನ್ ಅದೇ. ಅದಕ್ಕಿಂತ ತುಸು ಜಾಸ್ತಿ ಉಪ್ಪಿರುವ ನೀರು ತಾಗಿದರೆ, ಬಾತುಕೊಂಡ ಜಾಗದಿಂದ ಸ್ವಲ್ಪ ನೀರು ಹೊರಗೆ ಬಂದು ಬಿಗಿತ ಸಡಿಲವಾಗುತ್ತದೆ. ಅಂಟಿಕೊಂಡ ಕಫವೂ ಕಿತ್ತು ಬರುತ್ತದೆ. ಬೆಚ್ಚಗಿನ ನೀರು ತಾಗುವುದೇ ಒಂದು ಹಿತ. ಸ್ವಲ್ಪ ಹೊತ್ತು ಆರಾಮ, ಆಮೇಲೆ ನೋವು ಮತ್ತೆ ಬರುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಎರಡು ತುತ್ತು ಗಂಜಿ ನುಂಗಬಹುದು, ರಾತ್ರಿಯಾದರೆ ನಿದ್ದೆ ಹತ್ತುತ್ತದೆ.

ಇದಕ್ಕೆ ಪುರಾವೆ ಏನಾದರೂ ಇದೆಯಾ? ಅಜ್ಜಿ ಹೇಳಿದಳು ಅಂತ ಸುಮ್ನೆ ಮಾಡುತ್ತಿದ್ದೇವಾ?

ತುಂಬಾ ಇಲ್ಲ, ಹಾಗಂತ ಏನೂ ಇಲ್ಲ ಅಂತಲೂ ಅಲ್ಲ. ಜಪಾನಿನಲ್ಲಿ ಹೊರಗಿನಿಂದ ಬಂದ ತಕ್ಷಣ ಕೈ ತೊಳೆದು ಗಾರ್ಗಲ್ ಮಾಡುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಅದಕ್ಕೆ ಉಗಾಯ್ ಅನ್ನುತ್ತಾರೆ. ಅಲ್ಲಿ 2002-03ರ ಚಳಿಗಾಲದಲ್ಲಿ 387 ಆರೋಗ್ಯವಂತರನ್ನು ಮೂರು ಗುಂಪು ಮಾಡಿ 60 ದಿನ ನೋಡಿದರು. ಬರೀ ನೀರಿನಲ್ಲಿ ದಿನಕ್ಕೆ ಮೂರು ಸಲವಾದರೂ ಗಾರ್ಗಲ್ ಮಾಡಿದವರಿಗೆ ನೆಗಡಿ, ಗಂಟಲು ನೋವು ಮೂರನೇ ಒಂದರಷ್ಟು ಕಡಿಮೆ ಬಂತು. ತಮಾಷೆ ಅಂದರೆ ಅಯೋಡಿನ್ ಔಷಧಿ ಹಾಕಿಕೊಂಡ ಗುಂಪಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

2019ರಲ್ಲಿ ಎಡಿನ್‌ಬರೋದಿಂದ ಇನ್ನೊಂದು ಸಣ್ಣ ಪ್ರಯೋಗದ ವರದಿ ಬಂತು. ನೆಗಡಿಯಾದವರು ಉಪ್ಪುನೀರಿನಲ್ಲಿ ಮೂಗು ತೊಳೆದು ಗಾರ್ಗಲ್ ಕೂಡ ಮಾಡಿದರು. ಅವರ ಕಾಯಿಲೆ ಸುಮಾರು ಎರಡು ದಿನ ಬೇಗ ಮುಗಿಯಿತು. ಆದರೆ ಅದರಲ್ಲಿ ಇದ್ದವರು 66 ಜನ ಮಾತ್ರ, ಮೂಗು ತೊಳೆದದ್ದರ ಪಾಲೆಷ್ಟು, ಗಾರ್ಗಲ್‌ನ ಪಾಲೆಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಖರ್ಚು ಅರ್ಧ ಚಮಚ ಉಪ್ಪು, ಸರಿಯಾಗಿ ಮಾಡಿದರೆ ತೊಂದರೆ ಇಲ್ಲ, ನೋವು ಇಳಿಯುವುದು ನನಗೇ ಗೊತ್ತಾಗುತ್ತದೆ.

ಎಷ್ಟು ನೀರಿಗೆ ಎಷ್ಟು ಉಪ್ಪು?

ಸುಮಾರು 250 ಮಿಲಿ ಲೀಟರ್ ನೀರಿಗೆ ಅರ್ಧ ಟೀ ಚಮಚ ಪುಡಿ ಉಪ್ಪು. ತೂಕದಲ್ಲಿ ಹೆಚ್ಚುಕಡಿಮೆ 3 ಗ್ರಾಂ.

ಎಡವಟ್ಟಾಗುವುದು 'ಒಂದು ಲೋಟ' ಅನ್ನುವ ಮಾತಿನಲ್ಲಿ. ನಮ್ಮ ಮನೆಯಲ್ಲೇ ಲೋಟ ಮೂರು ಸೈಜಿನಲ್ಲಿವೆ. ಕಾಫಿ ಲೋಟಕ್ಕೆ ಅರ್ಧ ಚಮಚ ಹಾಕಿದರೆ ನೀರು ಕಡು ಉಪ್ಪಾಗಿ ಗಂಟಲು ಇನ್ನಷ್ಟು ಒಣಗಿ ಉರಿಯುತ್ತದೆ. ಅರ್ಧ ಲೀಟರ್ ನೀರಿನ ಬಾಟಲಿ ತಂದು ಒಂದು ಸಲ ಅಳೆದುಬಿಡಿ. ಯಾವ ಲೋಟದಲ್ಲಿ ಸರಿಯಾಗಿ ಎರಡು ಲೋಟ ಬಂತೋ ಅದೇ ನಿಮ್ಮ ಗಾರ್ಗಲ್ ಲೋಟ. ಚಮಚವೂ ಅಷ್ಟೇ, ಸಾಂಬಾರಿಗೆ ಹಾಕುವ ದೊಡ್ಡ ಚಮಚ ಅಲ್ಲ, ಔಷಧಿ ಬಾಟಲಿ ಜೊತೆ ಬರುವ 5 ಮಿಲಿಯ ಅಳತೆ.

ಬಾಯಲ್ಲೇ ಪರೀಕ್ಷೆ ಮಾಡಬೇಕಾ? ಉಪ್ಪು ತುಸು ಜಾಸ್ತಿಯಾದ ಸಾರಿನಷ್ಟು ಇದ್ದರೆ ಸಾಕು. ಮುಖ ಕಿವುಚುವಷ್ಟಾದರೆ ನೀರು ಬೆರೆಸಿ.

ಕಲ್ಲುಪ್ಪೇ ಒಳ್ಳೆಯದಂತೆ, ಸೈಂಧವ ಲವಣ ಇನ್ನೂ ಒಳ್ಳೆಯದಂತೆ?

ಗಂಟಲಿಗೆ ಎಲ್ಲವೂ ಒಂದೇ. ಕೆಲಸ ಮಾಡುವುದು ಸೋಡಿಯಂ ಕ್ಲೋರೈಡ್, ಅದು ಎಲ್ಲದರಲ್ಲೂ ಇದೆ. ಅಯೋಡಿನ್ ಇರುವ ಪ್ಯಾಕೆಟ್ ಉಪ್ಪೂ ಆಗುತ್ತದೆ. ಕಲ್ಲುಪ್ಪು ಬಳಸುವುದಾದರೆ ಪೂರ್ತಿ ಕರಗಿಸಿ. ಕರಗದ ಹರಳು ನೋಯುವ ಗಂಟಲಿಗೆ ತಾಗಿದರೆ ಚುರ್ ಅನ್ನುತ್ತದೆ. ಹರಳಿನ ನಡುವೆ ಸಂದು ಇರುವುದರಿಂದ ಕಲ್ಲುಪ್ಪು ಅರ್ಧ ಚಮಚಕ್ಕಿಂತ ಒಂದೆರಡು ಹರಳು ಜಾಸ್ತಿ ಬೇಕಾಗಬಹುದು.

ನೀರು ಎಷ್ಟು ಬಿಸಿ ಇರಬೇಕು?

ಇದನ್ನು ನಾನು ಸುಟ್ಟುಕೊಂಡೇ ಕಲಿತದ್ದು. ಒಂದು ಬೆಳಗ್ಗೆ ಬಸ್ಸಿಗೆ ಹೊತ್ತಾಗಿತ್ತು. ಕುದಿಯುತ್ತಿದ್ದ ನೀರನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಉಪ್ಪು ಹಾಕಿ, ಸೆರಗಿನಲ್ಲಿ ಲೋಟ ಹಿಡಿದು ಬಾಯಿಗೆ ಹಾಕಿಕೊಂಡೆ. ಸೆರಗಿಲ್ಲದೆ ಹಿಡಿಯಲಾಗದ ಲೋಟದ ನೀರು ಗಂಟಲಿಗೆ ಹೇಗಾದೀತು ಅಂತ ಯೋಚನೆಯೇ ಬರಲಿಲ್ಲ. ಅಂಗುಳಿನ ಚರ್ಮ ಸುಲಿದು, ಮೂರು ದಿನ ಮೊಸರನ್ನ ಬಿಟ್ಟು ಬೇರೇನೂ ಇಳಿಯಲಿಲ್ಲ. ಗಂಟಲು ನೋವು ಅದರ ಮುಂದೆ ಏನೂ ಅಲ್ಲ ಅನ್ನಿಸಿಬಿಟ್ಟಿತು.

ಉಗುರು ಬೆಚ್ಚಗಿದ್ದರೆ ಸಾಕು. ಕಿರುಬೆರಳು ಅದ್ದಿ ಹತ್ತು ಎಣಿಸುವವರೆಗೆ ಹಿಡಿದು ನೋಡಿ. ಹಾಯಾಗಿದ್ದರೆ ಸರಿ. ಬಿಸಿ ಜಾಸ್ತಿ ಇದ್ದರೆ ಕ್ರಿಮಿ ಬೇಗ ಸಾಯುತ್ತದೆ ಅನ್ನುವುದು ಸುಳ್ಳು. ಕ್ರಿಮಿ ಸಾಯುವಷ್ಟು ಬಿಸಿಗೆ ಗಂಟಲೇ ಬೆಂದುಹೋಗುತ್ತದೆ.

ಬಾಯಿ ಮುಕ್ಕಳಿಸುವುದೂ ಗಾರ್ಗಲ್ ಮಾಡುವುದೂ ಒಂದೇ ಅಲ್ವಾ?

ಅಲ್ಲ. ಊಟವಾದ ಮೇಲೆ ಕೆನ್ನೆ ಉಬ್ಬಿಸಿ ಮುಕ್ಕಳಿಸಿದರೆ ನೀರು ಹಲ್ಲು, ವಸಡು, ನಾಲಿಗೆಗೆ ತಾಗುತ್ತದೆ. ಗಂಟಲಿಗೆ ಹೋಗುವುದಿಲ್ಲ. ಆಯುರ್ವೇದದಲ್ಲೂ ಎರಡು ವಿಧ ಹೇಳಿದ್ದಾರೆ. ಬಾಯಿ ತುಂಬ ದ್ರವ ತುಂಬಿಕೊಂಡು ಅಲುಗಾಡಿಸದೆ ಇಟ್ಟರೆ ಗಂಡೂಷ, ಬಾಯಲ್ಲಿ ಆಡಿಸಲು ಜಾಗ ಬಿಟ್ಟು ಕಡಿಮೆ ಹಾಕಿಕೊಂಡರೆ ಕವಲ. ಗಾರ್ಗಲ್‌ಗೂ ಸ್ವಲ್ಪ ನೀರೇ ಬೇಕು, ಬಾಯಿ ತುಂಬಿದರೆ ಮೂಗಿಗೇರುತ್ತದೆ.

ಒಂದು ಗುಟುಕು ಹಾಕಿಕೊಳ್ಳಿ. ಮೂಗಿನಲ್ಲಿ ಉಸಿರು ಎಳೆದುಕೊಳ್ಳಿ. ತಲೆ ಹಿಂದಕ್ಕೆ ಬಾಗಿಸಿ, ಬಾಯಿ ಸ್ವಲ್ಪ ತೆರೆದು, 'ಆ...' ಅಂತ ಮೆಲ್ಲಗೆ ಉಸಿರು ಬಿಡಿ. ನೀರು ಕಿರುನಾಲಿಗೆಯ ಹತ್ತಿರ ಗುಳುಗುಳು ಅನ್ನಬೇಕು. ಉಸಿರು ಮುಗಿಯುವ ಮುಂಚೆಯೇ ತಲೆ ಮುಂದಕ್ಕೆ ತಂದು ಉಗುಳಿ. ನೀರು ಬಾಯಲ್ಲಿರುವಾಗ ಉಸಿರು ಒಳಗೆ ಎಳೆದರೆ ಕೆಮ್ಮು ಗ್ಯಾರಂಟಿ. ಒಂದು ಗುಟುಕಿಗೆ ಹತ್ತು ಹದಿನೈದು ಸೆಕೆಂಡು. ಲೋಟ ಖಾಲಿಯಾಗುವವರೆಗೆ ಹೀಗೇ.

ಆಯಿತು ಅಂತ ತಕ್ಷಣ ಕಾಫಿ ಕುಡಿಯಬೇಡಿ. ಒಂದು ಹದಿನೈದು ನಿಮಿಷ ಬಿಡಿ.

ನೀರು ಗಂಟಲಿಗೆ ಹೋದ ಕೂಡಲೇ ವಾಂತಿ ಬಂದಂತಾಗುತ್ತದೆ. ಏನು ಮಾಡಲಿ?

ನೀರು ಕಡಿಮೆ ಹಾಕಿಕೊಳ್ಳಿ, ತಲೆ ಪೂರ್ತಿ ಹಿಂದಕ್ಕೆ ಹಾಕಬೇಡಿ, ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ಮಾಡಬೇಡಿ. ಆದರೂ ಆಗದಿದ್ದರೆ ಬಿಟ್ಟುಬಿಡಿ. ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿದರೂ ಗಂಟಲಿಗೆ ಹಿತ ಸಿಗುತ್ತದೆ. ಗಾರ್ಗಲ್ ಮಾಡಲೇಬೇಕು ಅನ್ನುವ ಹಟ ಬೇಡ.

ದಿನಕ್ಕೆ ಎಷ್ಟು ಸಲ?

ಮೂರು ನಾಲ್ಕು ಸಲ ಸಾಕು. ಬೆಳಗ್ಗೆ ಎದ್ದಾಗ ಮತ್ತು ರಾತ್ರಿ ಮಲಗುವ ಮುಂಚೆ ತಪ್ಪಿಸಬೇಡಿ, ನೋವು ಕಾಡುವುದು ಆಗಲೇ. ಗಂಟೆಗೊಂದು ಸಲ ಮಾಡಿದರೆ ಗಂಟಲು ಒಣಗುತ್ತದೆ.

ಅರಿಶಿನ ಹಾಕಲೇಬೇಕಾ?

ಬೇಕೇ ಬೇಕು ಅಂತಿಲ್ಲ. ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಲೋಟವನ್ನು ಎರಡು ನಿಮಿಷ ಸುಮ್ಮನೆ ಇಟ್ಟು ನೋಡಿ, ಹಳದಿ ಎಲ್ಲ ತಳದಲ್ಲಿ ಕೂತಿರುತ್ತದೆ. ನೀವು ಗಾರ್ಗಲ್ ಮಾಡುವುದು ಮೇಲಿನ ನೀರನ್ನು. ಹಾಲಿಗೆ ಅರಿಶಿನ ಹಾಕಿ ಕುಡಿಯುವ ನಮ್ಮ ಪದ್ಧತಿಗೆ ಅರ್ಥ ಇದೆ, ಯಾಕೆಂದರೆ ಅದು ಕೊಬ್ಬಿನಲ್ಲಿ ಕರಗುತ್ತದೆ.

ಹಾಕಿಯೇ ತೀರುತ್ತೇನೆ ಅನ್ನುವವರು ಕಾಲು ಚಮಚದೊಳಗೆ ಹಾಕಿ, ಪ್ರತಿ ಗುಟುಕಿಗೂ ಕಲಕಿಕೊಳ್ಳಿ. ಅಡುಗೆಗೆ ಬಳಸುವ ಶುದ್ಧ ಅರಿಶಿನವೇ ಇರಲಿ, ಪೂಜೆಗೆ ತಂದ ಪುಡಿ ಬೇಡ. ಇನ್ನೊಂದು ವಿಷಯ, ಬಿಳಿ ವಾಶ್ ಬೇಸಿನ್‌ನಲ್ಲಿ ಉಗುಳಬೇಡಿ. ನಮ್ಮತ್ತೆ ಒಂದು ವಾರ ಉಗುಳಿದ ಕಲೆ ಇನ್ನೂ ಇದೆ. ಬಿಸಿಲು ಬಿದ್ದರೆ ಅರಿಶಿನದ ಕಲೆ ಮಾಸುತ್ತದೆ, ಬಟ್ಟೆಗಾದರೆ ಸರಿ, ಬಚ್ಚಲಮನೆಗೆ ಬಿಸಿಲು ಎಲ್ಲಿಂದ ತರುವುದು?

ಉಪ್ಪು ಬಿಟ್ಟು ಬೇರೆ ಏನನ್ನು ಬಳಸಬಹುದು?

ನನಗೆ ಹಿಡಿಸಿದ್ದು ಮೂರು.

ಮೊದಲನೆಯದು ಜ್ಯೇಷ್ಠಮಧು. ಗ್ರಂಥಿಗೆ ಅಂಗಡಿಯಲ್ಲಿ ಕಡ್ಡಿಯಾಗಿ ಸಿಗುತ್ತದೆ, ಮುರಿದು ಅಗಿದರೆ ಸಿಹಿ. ಎರಡು ಇಂಚಿನ ಕಡ್ಡಿ ಜಜ್ಜಿ, ಒಂದೂವರೆ ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಸೋಸಿ, ಆರಿಸಿ. ಗಂಟಲಿಗೆ ನುಣುಪಾಗಿ ಲೇಪ ಹಾಕಿದಂತೆ ಇರುತ್ತದೆ. ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಗಂಟಲಿಗೆ ಕೊಳವೆ ಹಾಕುತ್ತಾರೆ, ಎಚ್ಚರವಾದ ಮೇಲೆ ಗಂಟಲು ನೋಯುತ್ತದೆ. ಲಕ್ನೋದ ವೈದ್ಯರು 40 ರೋಗಿಗಳಲ್ಲಿ ಕೆಲವರಿಗೆ ಮುಂಚೆಯೇ ಜ್ಯೇಷ್ಠಮಧು ಬೆರೆಸಿದ ನೀರಿನಿಂದ ಗಾರ್ಗಲ್ ಮಾಡಿಸಿದರು. ಅವರಿಗೆ ನೋವು ಕಡಿಮೆ ಇತ್ತು. 2009ರಲ್ಲಿ ಇದು ಪ್ರಕಟವಾಯಿತು. ಆದರೆ ಬಿಪಿ ಇರುವವರು ಇದನ್ನು ಉಗುಳಲೇಬೇಕು, ಕುಡಿಯಬಾರದು. ದಿನಾ ಹೊಟ್ಟೆಗೆ ಹೋದರೆ ಬಿಪಿ ಏರುತ್ತದೆ.

ಎರಡನೆಯದು ದಾಳಿಂಬೆ ಸಿಪ್ಪೆ. ಹಣ್ಣು ತಿಂದು ಸಿಪ್ಪೆ ಎಸೆಯುವ ಬದಲು ಒಣಗಿಸಿಟ್ಟಿರಿ. ಒಂದು ಹಿಡಿ ಕುದಿಸಿದರೆ ಒಗರು ನೀರು. ಒಗರು ಅಂದರೆ ಟ್ಯಾನಿನ್, ಚಹಾದಲ್ಲೂ ಇರುವಂಥದ್ದು. ತಾಗಿದ ಜಾಗ ಬಿಗಿಯಾದಂತೆ ಆಗುತ್ತದೆ. ಚಿಗುರು ಸೀಬೆ ಎಲೆ ಕುದಿಸಿದರೂ ಇದೇ ಒಗರು.

ಮೂರನೆಯದು ಮೆಂತ್ಯ. ಒಂದು ಚಮಚ ಮೆಂತ್ಯ ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ ಸೋಸಿ. ಆ ಲೋಳೆ ಒಣಗಿದ ಗಂಟಲಿಗೆ ತಂಪು. ವಾಸನೆ ಮಾತ್ರ ಇಡೀ ದಿನ ಬಾಯಲ್ಲೇ. ಮೊದಲ ಪಿರಿಯಡ್ ಇರುವ ದಿನ ನಾನು ಮಾಡುವುದಿಲ್ಲ.

ತುಳಸಿ, ಶುಂಠಿ, ಕಾಳುಮೆಣಸು, ದೊಡ್ಡಪತ್ರೆ ಇವನ್ನೆಲ್ಲ ಕಷಾಯ ಮಾಡಿ ಕುಡಿಯುವುದೇ ಚೆನ್ನ. ಮೆಣಸಿನ ಖಾರವನ್ನು ನೋಯುವ ಗಂಟಲಿನಲ್ಲಿ ಗಳಗಳ ಅನ್ನಿಸುವುದು ಶಿಕ್ಷೆ.

ಏನನ್ನು ಹಾಕಲೇಬಾರದು?

ನಿಂಬೆರಸ, ವಿನೆಗರ್ ಬೇಡ. ಹುಳಿ ಮೊದಲೇ ಕೆಂಪಾದ ಗಂಟಲನ್ನು ಉರಿಸುತ್ತದೆ, ದಿನಕ್ಕೆ ನಾಲ್ಕು ಸಲ ಆದರೆ ಹಲ್ಲಿನ ಹೊಳಪೂ ಸವೆಯುತ್ತದೆ. ಸುಣ್ಣ ಬೆಲ್ಲ ಕಲಸಿ ಗಂಟಲ ಮೇಲೆ ಹಚ್ಚುವುದು ಹಳ್ಳಿಗಳಲ್ಲಿ ಇದೆ, ಆದರೆ ಸುಣ್ಣದ ತಿಳಿ ಬಾಯಿಗೆ ಖಂಡಿತ ಬೇಡ, ಸುಡುತ್ತದೆ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಗೇ ಬಳಸಬಾರದು.

ಡಿಸ್ಪ್ರಿನ್ ಮಾತ್ರೆ ಕರಗಿಸಿ ಗಾರ್ಗಲ್ ಮಾಡುವುದು ನಮ್ಮ ಹಿರಿಯರ ಕಾಲದ ಅಭ್ಯಾಸ. ಅದು ಆಸ್ಪಿರಿನ್. 16 ವರ್ಷದೊಳಗಿನವರಿಗೆ ಡಾಕ್ಟರ್ ಹೇಳದೆ ಕೊಡಬಾರದು. ಮಳೆಗಾಲದಲ್ಲಿ ಜ್ವರವೂ ಇದ್ದರೆ ದೊಡ್ಡವರೂ ಮುಟ್ಟಬೇಡಿ. ಅದು ಡೆಂಗ್ಯೂ ಆಗಿದ್ದರೆ ಆಸ್ಪಿರಿನ್‌ನಿಂದ ರಕ್ತಸ್ರಾವದ ಅಪಾಯ ಜಾಸ್ತಿ.

ಮೆಡಿಕಲ್ ಶಾಪಿನ ಬೀಟಾಡಿನ್ ಗಾರ್ಗಲ್ ಇದಕ್ಕಿಂತ ಒಳ್ಳೆಯದಾ?

ಸಾಮಾನ್ಯ ಶೀತಕ್ಕೆ ನನಗೆ ಅಗತ್ಯ ಕಂಡಿಲ್ಲ. ಡಾಕ್ಟರ್ ಬರೆದುಕೊಟ್ಟರೆ ಬಾಟಲಿ ಮೇಲೆ ಹೇಳಿದಷ್ಟು ನೀರು ಬೆರೆಸಿ ಬಳಸಿ, ನುಂಗಬೇಡಿ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಕೇಳದೆ ಬಳಸಬಾರದು, ಅದರಲ್ಲಿರುವುದು ಅಯೋಡಿನ್. ಉಪ್ಪುನೀರಿಗೆ ಈ ತಕರಾರಿಲ್ಲ.

ಬಿಪಿ ಇದೆ, ಉಪ್ಪುನೀರು ಮಾಡಬಹುದಾ?

ಉಗುಳುವುದರಿಂದ ಮೈಗೆ ಸೇರುವುದು ಅತ್ಯಲ್ಪ. ಮಾಡಬಹುದು. ಕೊನೆಯಲ್ಲಿ ಬರೀ ನೀರಿನಿಂದ ಬಾಯಿ ತೊಳೆದುಕೊಳ್ಳಿ.

ಮಕ್ಕಳಿಗೆ ಯಾವ ವಯಸ್ಸಿನಿಂದ ಮಾಡಿಸಬಹುದು?

ವಯಸ್ಸಿಗಿಂತ ಬರೀ ನೀರಿನಲ್ಲಿ ಮಾಡಿ ಉಗುಳಲು ಬರುತ್ತದಾ ನೋಡಿ. ಸಾಮಾನ್ಯವಾಗಿ ಆರು ವರ್ಷದ ಒಳಗಿನ ಮಕ್ಕಳಿಗೆ ಬರುವುದಿಲ್ಲ, ನುಂಗುತ್ತಾರೆ ಅಥವಾ ನೆತ್ತಿಗೇರಿಸಿಕೊಳ್ಳುತ್ತಾರೆ. ಅವರಿಗೆ ಬೆಚ್ಚಗಿನ ತಿಳಿಸಾರು, ಗಂಜಿ ಸಾಕು. ಒಂದು ವರ್ಷ ದಾಟಿದ್ದರೆ ಚಮಚ ಜೇನುತುಪ್ಪ ಕೊಡಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೂಬಾರದು. ಅದರಿಂದ ಬೊಟುಲಿಸಂ ಅನ್ನುವ ವಿಷಬಾಧೆ ಬರಬಹುದು. ನಾಮಕರಣಕ್ಕೆ ಬಂದ ಹಿರಿಯರು ಬೆರಳಲ್ಲಿ ಜೇನು ಹಿಡಿದು ಬಂದರೆ ಮುಲಾಜಿಲ್ಲದೆ ಬೇಡ ಅನ್ನಿ.

ಧ್ವನಿಯೇ ಹೊರಡುತ್ತಿಲ್ಲ. ಗಾರ್ಗಲ್ ಮಾಡಿದರೆ ಬರುತ್ತಾ?

ಇದು ನಮ್ಮ ಟೀಚರ್‌ಗಳ ಪ್ರಶ್ನೆ. ಬರುವುದಿಲ್ಲ. ಧ್ವನಿ ಹೊರಡಿಸುವ ತಂತುಗಳು ಇನ್ನೂ ಕೆಳಗೆ, ಶ್ವಾಸನಾಳದ ಬಾಯಲ್ಲಿವೆ. ಗಾರ್ಗಲ್‌ನ ನೀರು ಅಲ್ಲಿಗೆ ಹೋಗುವುದಿಲ್ಲ. ಹೋದರೆ ಅದನ್ನೇ ನೆತ್ತಿಗೇರುವುದು ಅನ್ನುತ್ತೇವೆ. ಧ್ವನಿಗೆ ಬೇಕಾದ್ದು ವಿಶ್ರಾಂತಿ, ನೀರು, ಹಬೆ. ಪಿಸುಮಾತೂ ವಿಶ್ರಾಂತಿ ಅಲ್ಲ, ಬಲವಂತವಾಗಿ ಪಿಸುಗುಟ್ಟಿದರೆ ತಂತುಗಳಿಗೆ ಇನ್ನೂ ತ್ರಾಸ. ಎರಡು ದಿನ ನಾನು ಬೋರ್ಡ್ ಮೇಲೆ ಬರೆದೇ ಪಾಠ ಮುಗಿಸಿದ್ದೇನೆ. ಕ್ಲಾಸ್ ಅಷ್ಟು ನಿಶ್ಶಬ್ದವಾಗಿ ಇದ್ದದ್ದು ಆ ಎರಡು ದಿನ ಮಾತ್ರ. ಮೂರು ವಾರ ಕಳೆದರೂ ಧ್ವನಿ ಒಡಕಾಗೇ ಇದ್ದರೆ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ.

ದಿನಾ ಬೆಳಗ್ಗೆ ಮಾತ್ರ ಗಂಟಲು ಕೆರೆಯುತ್ತದೆ, ಜ್ವರ ಇಲ್ಲ, ನೆಗಡಿ ಇಲ್ಲ?

ಬಾಯಿ ತೆರೆದು ಮಲಗುತ್ತೀರಾ? ರಾತ್ರಿ ತಡವಾಗಿ ಉಂಡು ಕೂಡಲೇ ಮಲಗುತ್ತೀರಾ? ಹೊಟ್ಟೆಯ ಹುಳಿ ಮೇಲೆ ಬಂದರೂ ಗಂಟಲು ಹೀಗೆ ಕೆರೆಯುತ್ತದೆ. ಅದಕ್ಕೆ ಊಟದ ಹೊತ್ತು ಬದಲಾಗಬೇಕು, ಎಷ್ಟು ಗಾರ್ಗಲ್ ಮಾಡಿದರೂ ನಾಳೆ ಮತ್ತೆ ಬರುತ್ತದೆ.

ಕೊರೋನಾಗೆ ಉಪ್ಪುನೀರು ಅಂತ ಆಗ ಎಲ್ಲರೂ ಹೇಳುತ್ತಿದ್ದರಲ್ಲ?

2020ರಲ್ಲಿ ವಾಟ್ಸಾಪ್ ತುಂಬ ಅದೇ. ವೈರಸ್ ಗಂಟಲಲ್ಲಿ ನಾಲ್ಕು ದಿನ ಇರುತ್ತದಂತೆ, ಅಷ್ಟರಲ್ಲಿ ಉಪ್ಪುನೀರಿನಲ್ಲಿ ತೊಳೆದು ಹಾಕಬಹುದಂತೆ. ಸುಳ್ಳು. ಉಪ್ಪುನೀರು ಕೊರೋನಾ ವೈರಸ್ಸನ್ನು ಕೊಲ್ಲುವುದಿಲ್ಲ. ಗಂಟಲಿಗೆ ಆರಾಮ ಕೊಡುತ್ತದೆ, ಅಷ್ಟೇ. ಮಜಾ ಅಂದರೆ 2021ರಲ್ಲಿ ನಾಗಪುರದ ನೀರಿ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಮೂಗಿಗೆ ಕಡ್ಡಿ ಹಾಕುವ ಬದಲು ಸಲೈನ್ ಗಾರ್ಗಲ್ ಮಾಡಿಸಿ, ಅದೇ ನೀರನ್ನು ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಕಳಿಸುವ ವಿಧಾನ ತಂದಿತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಒಪ್ಪಿಗೆಯನ್ನೂ ಕೊಟ್ಟಿತು. ಗಾರ್ಗಲ್ ಮಾಡಿ ಉಗುಳಿದ ನೀರಿನಲ್ಲಿ ವೈರಸ್ ಸಿಗುತ್ತದೆ ಅನ್ನುವುದೇ ಆ ಪರೀಕ್ಷೆಯ ಆಧಾರ.

ಯಾವಾಗ ಗಾರ್ಗಲ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಬೇಕು?

ನನ್ನ ಮಗನಿಗೆ ಎಂಟು ವರ್ಷ ಇದ್ದಾಗ ಗಂಟಲು ನೋವು ಬಂತು. ಜ್ವರವೂ ಇತ್ತು. ಮೂಗು ಸೋರುತ್ತಿರಲಿಲ್ಲ, ಕೆಮ್ಮು ಇರಲಿಲ್ಲ. ಶೀತ ಇಲ್ಲವಲ್ಲ, ಹಾಗಾದರೆ ಸಣ್ಣದೇ ಅಂದುಕೊಂಡು ನಾಲ್ಕು ದಿನ ಉಪ್ಪುನೀರಿನಲ್ಲೇ ಕಳೆದೆ. ಡಾಕ್ಟರ್ ಟಾರ್ಚ್ ಬಿಟ್ಟು ನನಗೂ ತೋರಿಸಿದರು: ಎರಡೂ ಟಾನ್ಸಿಲ್ ಮೇಲೆ ಮೊಸರು ಚೆಲ್ಲಿದಂತೆ ಬಿಳಿ ಚುಕ್ಕೆ. ದವಡೆಯ ಕೆಳಗೆ ಗೋಲಿಯಂಥ ಗಂಟು. ಅದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ. ನಾನು ಯಾವುದನ್ನು ಒಳ್ಳೆಯ ಲಕ್ಷಣ ಅಂದುಕೊಂಡಿದ್ದೆನೋ ಅದೇ ಸುಳಿವಾಗಿತ್ತು. ವೈರಸ್ ಆದರೆ ಸಾಮಾನ್ಯವಾಗಿ ನೆಗಡಿ, ಕೆಮ್ಮು ಜೊತೆಗೇ ಬರುತ್ತವೆ. ಅವಿಲ್ಲದೆ ಜ್ವರ, ಬಿಳಿ ಚುಕ್ಕೆ, ಕತ್ತಿನ ಗಂಟು ಇದ್ದರೆ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಜಾಸ್ತಿ.

ಈ ಬ್ಯಾಕ್ಟೀರಿಯಾಗೆ ಆಂಟಿಬಯೋಟಿಕ್ ಬೇಕು. 5ರಿಂದ 15 ವರ್ಷದ ಮಕ್ಕಳಲ್ಲಿ ಹಾಗೇ ಬಿಟ್ಟರೆ ಕೆಲವರಿಗೆ ಎರಡು ಮೂರು ವಾರದ ನಂತರ ರುಮ್ಯಾಟಿಕ್ ಜ್ವರ ಬಂದು ಕೀಲು ಬಾತು, ಹೃದಯದ ಕವಾಟ ಹಾಳಾಗಬಹುದು. ನಮ್ಮ ದೇಶದಲ್ಲಿ ಈ ಕಾಯಿಲೆ ಇನ್ನೂ ಇದೆ. ಗಂಟಲು ನೋವು ಶುರುವಾಗಿ 9 ದಿನದೊಳಗೆ ಔಷಧಿ ಆರಂಭಿಸಿದರೂ ಇದನ್ನು ತಡೆಯಬಹುದು. ಪೆನ್ಸಿಲಿನ್ ಗುಂಪಿನ ಮಾತ್ರೆ ಸಾಮಾನ್ಯವಾಗಿ 10 ದಿನ ಕೊಡುತ್ತಾರೆ. ಮೂರನೇ ದಿನ ಮಗು ಆಟಕ್ಕೆ ಹೋಯಿತು ಅಂತ ನಿಲ್ಲಿಸಬೇಡಿ. ಹಾಗೇ, ಕಳೆದ ಸಲದ ಉಳಿದ ಮಾತ್ರೆಯನ್ನು ನೀವೇ ಕೊಡಬೇಡಿ.

ಉಸಿರಾಡಲು ಕಷ್ಟ, ಎಂಜಲೂ ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಿ ತೆರೆಯಲು ಆಗದಿರುವುದು, ಕತ್ತು ಒಂದು ಕಡೆ ಬಾತಿರುವುದು, ಇವುಗಳಲ್ಲಿ ಒಂದಿದ್ದರೂ ಅದೇ ಗಳಿಗೆ ಆಸ್ಪತ್ರೆಗೆ, ರಾತ್ರಿ ಎರಡಾಗಿದ್ದರೂ ಸರಿ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಂಡರೂ ಹಾಗೇ. ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಲಸಿಕೆ ತಪ್ಪಿಸಿಕೊಂಡ ಮಕ್ಕಳಿಗೆ ಈಗಲೂ ಬರುತ್ತದೆ. 101 ಡಿಗ್ರಿ ದಾಟಿದ ಜ್ವರ ಎರಡು ದಿನ ಇಳಿಯದಿದ್ದರೆ, ಮೈಮೇಲೆ ಕೆಂಪು ಗುಳ್ಳೆ ಎದ್ದರೆ, ಎಂಜಲಲ್ಲಿ ರಕ್ತ ಕಂಡರೆ, ಒಂದು ವಾರವಾದರೂ ನೋವು ಹೋಗದಿದ್ದರೆ ತಡ ಮಾಡಬೇಡಿ.

ಮಾಡಿ ಉಳಿದ ನೀರನ್ನು ಸಂಜೆಗೆ ಇಟ್ಟುಕೊಳ್ಳಬಹುದಾ?

ಬಾಯಿ ತಾಗಿಸಿದ ಲೋಟದ್ದಾದರೆ ಚೆಲ್ಲಿ. ಫ್ಲಾಸ್ಕ್‌ನಲ್ಲಿ ಬೇರೆ ಇಟ್ಟಿದ್ದರೆ ಆ ದಿನಕ್ಕೆ ಆಗುತ್ತದೆ. ನಾನು ಶಾಲೆಗೆ ಒಯ್ಯುವುದು ಹಾಗೆಯೇ, ಉಪ್ಪು ಮನೆಯಲ್ಲೇ ಕರಗಿಸಿ. ಒಮ್ಮೆ ಅದನ್ನು ಕುಡಿಯುವ ನೀರು ಅಂದುಕೊಂಡು ನಮ್ಮ ಪಿಟಿ ಮೇಷ್ಟ್ರು ಎತ್ತಿ ಕುಡಿದುಬಿಟ್ಟರು. ಅಂದಿನಿಂದ ಫ್ಲಾಸ್ಕ್ ಮೇಲೆ 'ಉಪ್ಪು' ಅಂತ ದೊಡ್ಡದಾಗಿ ಬರೆದ ಚೀಟಿ ಅಂಟಿಸಿದ್ದೇನೆ.